ತೇಲುಗಾಳವೂ ಮರಿ ಕಾಯುವ ಮೀನೂ

ಕುಂದಾಪುರದಿಂದ ಕೊಲ್ಲೂರಿಗೆ ಹೋಗುವ ದಾರಿಯಲ್ಲಿ ಸಿಗುವ ವಂಡ್ಸೆಯು ಚಕ್ರಾ ನದಿಯ ಮಗ್ಗುಲಿನ ಊರು. ಮೃಗಶಿರಾ ಮಳೆ ಹಿಡಿದು ಎಂಟು ದಿನ ಕಳೆದರೆ ಸಾಕು, ಹೊಳೆಯ ನೀರು ಕೆಂಪೇರಿ, ತೋಡುಗಳು ತುಂಬಿ, ಬೈಲುಗದ್ದೆಯೂ ತೋಡೂ ಕೂಡಿ ಒಂದೇ ನೀರಾಗಿಬಿಡುತ್ತವೆ. ಬೇಸಗೆಯಲ್ಲಿ ಮಡುಗಳಲ್ಲಿ ಅಡಗಿದ್ದ ಮೀನುಗಳು ಆಗ ಗದ್ದೆಯಂಚಿನ ತೆಳುನೀರಿಗೆ ಏರಿ ಬರುತ್ತವೆ. ಅವುಗಳ ಸಂಸಾರ ಸಾಗುವುದು ಈ ಎರಡು ಮೂರು ತಿಂಗಳುಗಳಲ್ಲಿ.

ಕಳೆದ ಮಳೆಗಾಲದಲ್ಲಿ ಇಂಥದೊಂದು ದಿನ ನಾನು ಅಕ್ಕನ ಮಗನೊಡನೆ ಗದ್ದೆಯ ಕಟ್ಟಪುಣಿಯ ಮೇಲೆ ನಿಂತಿದ್ದೆ. ಪಟ್ಟಣದಲ್ಲಿ ಉದ್ಯೋಗದಲ್ಲಿರುವ ಆ ಹುಡುಗ ಹೊಸದೊಂದು ಗಾಳದ ಕೋಲನ್ನೂ, ರಬ್ಬರಿನಿಂದ ಮಾಡಿದ ಹಸಿರು ಕಪ್ಪೆಯೊಂದನ್ನೂ ತಂದಿದ್ದ. ಎದುರಿನ ತೋಡಿನ ನೀರಿನ ಮೇಲ್ಭಾಗದಲ್ಲಿ ಅಂಗೈಯಗಲದ ಕೆಂಬಣ್ಣದ ಮೋಡವೊಂದು ಏಳುತ್ತ ಮುಳುಗುತ್ತ ಚಲಿಸುತ್ತಿದ್ದಿತು. ಅವು ಮೀನಿನ ಮರಿಗಳು. ಹುಡುಗ ರಬ್ಬರಿನ ಕಪ್ಪೆಯನ್ನು ಆ ಮೋಡದ ಆಚೆಗೆ ಎಸೆದು, ಅದರ ನಡುವಿನಿಂದ ಎಳೆದ. ನೀರು ಸಿಡಿಯಿತು. ಮೀನು ಕಪ್ಪೆಯನ್ನು ಕಚ್ಚಿ ಉಗುಳಿತು. ಇನ್ನೊಮ್ಮೆ ಎಸೆದ, ಇನ್ನೊಮ್ಮೆ ಕಚ್ಚಿ ಉಗುಳಿತು. ಮೂರನೆಯ ಬಾರಿ ಅದರ ತುಟಿಗೆ ಗಾಳ ನಾಟಿತು. ಮೊಳಕೈಯುದ್ದದ ಮರಲು!

"ಮಾವ, ಎಷ್ಟು ಹಸಿದಿತ್ತು ನೋಡಿದಿರಾ!" ಎಂದು ಅವನು ಹಿಗ್ಗಿದ. ಅದು ಹಸಿವಲ್ಲವೆಂದು ನಾನು ಹೇಳುವಷ್ಟರಲ್ಲಿ ಆ ಕೆಂಪು ಮೋಡವು ಚದರಿ, ಅದರ ಅಂಚಿನಲ್ಲಿ ಸಣ್ಣ ಸಣ್ಣ ಮೀನುಗಳ ಬಾಯಿಗಳು ಆಡತೊಡಗಿದ್ದುವು. ಕಾಲು ಗಂಟೆಯ ಬಳಿಕ ಅಲ್ಲಿ ಕೆಂಪೆಂಬುದು ಉಳಿಯಲಿಲ್ಲ. ಈ ಲೇಖನ ಹುಟ್ಟಿದ್ದು ಆ ಕಾಲು ಗಂಟೆಯಲ್ಲಿ.

ನೀರಿನ ಮೇಲೆ ತೇಲಿಸಿ ಆಡಿಸುವ ಕೃತಕ ಎರೆಯನ್ನು ಇಲ್ಲಿ ತೇಲುಗಾಳವೆಂದು ಕರೆಯೋಣ. ಇದು ಅಮೆರಿಕದಲ್ಲಿ ಬೆಳೆದ ಕಲೆ. ಮಿಷಿಗನ್ ಸಂಸ್ಥಾನದ ಡೊವಾಜಿಯಾಕ್ ಎಂಬ ಊರಿನ ಜೇಮ್ಸ್ ಹೆಡನ್ ಎಂಬಾತ ಹೊತ್ತು ಕಳೆಯಲೆಂದು ಕೆತ್ತಿದ ಮರದ ತುಂಡೊಂದನ್ನು ಕೊಳಕ್ಕೆ ಎಸೆದಾಗ ಬಾಸ್ ಎಂಬ ಮೀನು ಅದರ ಮೇಲೆ ಎರಗಿತೆಂದೂ, ಅಂದಿನಿಂದ ಆತ ಮರದ ಕಪ್ಪೆಗಳನ್ನು ಕೆತ್ತತೊಡಗಿದನೆಂದೂ ಒಂದು ಕಥೆಯುಂಟು. 19ನೆಯ ಶತಮಾನದ ಕೊನೆಯ ವರ್ಷಗಳ ಮಾತಿದು. ಕಥೆ ಎಷ್ಟು ನಿಜವೋ, ಆತನ ಕಾರ್ಖಾನೆಯಿಂದ ಹೊರಟ ತೇಲುಗಾಳಗಳು ಪ್ರಪಂಚವನ್ನೆಲ್ಲ ಸುತ್ತಿದುದಂತೂ ನಿಜ. ಆ ಬಾಸ್ ನಮ್ಮ ತೋಡುಗಳಲ್ಲಿಲ್ಲ. ಅದರ ಬದಲಿಗೆ ನಮ್ಮಲ್ಲಿರುವುದು ಮರಲು, ಕೊರವ, ಕುಚ್ಚು ಎಂದು ಊರಿಗೊಂದು ಹೆಸರು ಪಡೆದಿರುವ, ಹಾವಿನಂಥ ತಲೆಯ ಮೀನುಗಳ ಕುಲ. ಹೊಳೆ ಸಮುದ್ರವನ್ನು ಕೂಡುವ ಗಂಗೊಳ್ಳಿಯ ಅಳಿವೆಯಲ್ಲಿಯಾದರೆ ಸೀಬಾಸ್ ಎಂದು ಇಂಗ್ಲಿಷಿನಲ್ಲಿ ಕರೆಯುವ ಕುರುಡಿ ಮೀನೂ ಉಂಟು.

ತೇಲುಗಾಳದ ಚಮತ್ಕಾರವು ಮೀನಿನ ಇಂದ್ರಿಯಗಳಲ್ಲಿದೆ. ನೀರಿನೊಳಗಿನಿಂದ ಮೇಲೆ ನೋಡುವ ಮೀನಿಗೆ ಆಕಾಶವೆಲ್ಲವೂ ಸುಮಾರು 97 ಡಿಗ್ರಿ ಅಗಲದ ಒಂದು ಕಿಟಕಿಯೊಳಗೆ ಅಡಗಿ ಕಾಣುತ್ತದೆ. ಒಂದು ಮೀಟರು ಆಳದಲ್ಲಿರುವ ಮೀನಿಗೆ ಈ ಕಿಟಕಿಯು ನೀರಿನ ಮೇಲೆ ಎರಡೂಕಾಲು ಮೀಟರು ಅಡ್ಡಗಲದ ವೃತ್ತ. ವೃತ್ತದ ಹೊರಗೆ ನೀರಿನ ಮೇಲ್ಮೈ ಕನ್ನಡಿಯಂತೆ ಕೆಳಗಿನದನ್ನೇ ಪ್ರತಿಬಿಂಬಿಸುತ್ತದೆ. ಆದುದರಿಂದ ಕಿಟಕಿಯೊಳಗೆ ಬಂದ ಕಪ್ಪೆಯು ಬೆಳಕಿನ ಎದುರು ಕಪ್ಪು ನೆರಳಾಗಿ ಕಾಣುವುದು. ಅಂಗಡಿಯವನು ಕಪ್ಪೆಯ ಬೆನ್ನಿಗೆ ಬಳಿದ ಬಣ್ಣ ಕೊಳ್ಳುವವನ ಕಣ್ಣಿಗೆ ಹೊರತು ಮೀನಿನ ಕಣ್ಣಿಗಲ್ಲ. ಮೀನಿಗೆ ಬೇಕಾದದ್ದು ಹೊಟ್ಟೆಯ ಕಡೆಯ ಆಕಾರ ಮತ್ತು ಚಲನೆ.

ಮಳೆಗಾಲದ ಕದಡಿದ ನೀರಿನಲ್ಲಿ ಕಣ್ಣಿಗಿಂತಲೂ ಪಾರ್ಶ್ವರೇಖೆಯ ಉಪಯೋಗ ದೊಡ್ಡದು. ಮೀನಿನ ಎರಡು ಪಕ್ಕಗಳಲ್ಲಿಯೂ ಕಿವಿರಿನ ಹಿಂದಿನಿಂದ ಬಾಲದವರೆಗೆ ಸಾಗುವ ಈ ರೇಖೆಯಲ್ಲಿ ನೀರಿನ ಅತಿ ಸಣ್ಣ ಅಲುಗಾಟವನ್ನೂ ಗ್ರಹಿಸುವ ಅಂಗಗಳಿವೆ. ಶಬ್ದವೂ ನೀರಿನಲ್ಲಿ ಸೆಕೆಂಡಿಗೆ ಸುಮಾರು 1,500 ಮೀಟರು ವೇಗದಿಂದ ಹರಿಯುತ್ತದೆ. ಗಾಳಿಯಲ್ಲಿನ ವೇಗಕ್ಕಿಂತ ಇದು ನಾಲ್ಕು ಪಟ್ಟಿಗೂ ಮಿಗಿಲು. ಮುಂಭಾಗವನ್ನು ಬಟ್ಟಲಿನಂತೆ ಕೊರೆದ ತೇಲುಗಾಳವನ್ನು ಥಟ್ಟನೆ ಎಳೆದರೆ "ಗುಳುಕ್" ಎಂಬ ಸದ್ದು ಹುಟ್ಟಿ, ದೂರದ ಮೀನಿಗೂ ಯಾರೋ ನೀರು ಮುಟ್ಟಿದರೆಂಬ ಸುದ್ದಿ ತಲಪುತ್ತದೆ.

ಇದನ್ನು ತಿಳಿದವನಿಗೆ ತಂತ್ರವು ತಾನಾಗಿ ಹೊಳೆಯುತ್ತದೆ. ಮುಂಜಾವ, ಮುಸ್ಸಂಜೆ, ಮೋಡ ಕವಿದ ಹೊತ್ತು ಒಳ್ಳೆಯದು. ಗಾಳಿ ಬೀಸಿ ನೀರು ಕದಡಿದ ಹೊತ್ತು ಕೆಟ್ಟದ್ದು, ಏಕೆಂದರೆ ಅಲೆಗಳ ಗದ್ದಲದಲ್ಲಿ ಎರೆಯ ಅಲುಗಾಟ ಮುಳುಗಿಹೋಗುವುದು. ಎರೆಯನ್ನು ಮೀನಿನ ತಲೆಯ ಮೇಲೆ ಎಸೆಯದೆ ಆಚೆಗೆ ಎಸೆದು ಈಚೆಗೆ ತರಬೇಕು. ಬಿದ್ದೊಡನೆ ಎಳೆಯದೆ, ಎದ್ದ ಉಂಗುರಗಳು ಅಳಿಯುವವರೆಗೆ ಸುಮ್ಮನಿರಬೇಕು. ಬಳಿಕ ಎರಡು ಎಳೆತ, ಒಂದು ವಿರಾಮ. ಹೆಚ್ಚಿನ ಮೀನುಗಳು ಎರಗುವುದು ಆ ವಿರಾಮದಲ್ಲಿ. ಕಳೆ ತುಂಬಿದ ನೀರಿನಲ್ಲಿ ಟೊಳ್ಳು ಮೈಯ ಕಪ್ಪೆಯೇ ಆಗಬೇಕು. ಅದರ ಎರಡು ಕೊಕ್ಕೆಗಳು ಬೆನ್ನಿಗೆ ಒತ್ತಿಕೊಂಡಿದ್ದು, ಮೀನು ಕಚ್ಚಿ ಮೈ ಕುಗ್ಗಿದಾಗ ಮಾತ್ರ ಹೊರಗೆ ಬರುತ್ತವೆ. ಮೀನು ಬಾಯಿಯನ್ನು ಒಮ್ಮೆಗೇ ಅಗಲಿಸಿ ನೀರಿನೊಡನೆ ಬೇಟೆಯನ್ನು ಒಳಗೆ ಹೀರುವುದರಿಂದ, ನೀರು ಸಿಡಿದ ಕೂಡಲೆ ಕೋಲನ್ನು ಎಳೆದವನಿಗೆ ಬರಿಯ ಕಪ್ಪೆಯೇ ವಾಪಸು ಬರುವುದು. ದಾರವು ಬಿಗಿಯುವವರೆಗೆ ಒಂದು ಕ್ಷಣ ತಾಳಬೇಕು. ಕಣ್ಣೆದುರಿಗೆ ನೀರು ಸ್ಫೋಟಿಸುತ್ತಿರುವಾಗ ಕೈಯನ್ನು ತಡೆಯುವ ಈ ಸಂಯಮವೇ ತೇಲುಗಾಳದ ವಿದ್ಯೆಯ ಸಾರ.

ಇಷ್ಟರ ಮಟ್ಟಿಗೆ ಇದು ಸುಂದರವಾದ ಕಲೆ. ನಾನು ಅದರ ವಿರೋಧಿಯಲ್ಲ. ಒಂದು ಎರೆಗೆ ಒಂದೇ ಮೀನು. ಬಲೆಯ ದುರಾಶೆ ಅದಕ್ಕಿಲ್ಲ. ಆದರೆ ಮೀನು ಗಾಳವನ್ನು ಏಕೆ ಕಚ್ಚುತ್ತದೆಂಬ ಪ್ರಶ್ನೆಗೆ ಅನೇಕರು ಕೊಡುವ ಉತ್ತರ ಅರ್ಧ ಸತ್ಯ. ಹಸಿವಿನಿಂದ ಕಚ್ಚುವುದುಂಟು, ತನ್ನ ಮಡುವಿಗೆ ನುಗ್ಗಿದ ಪರಕೀಯನನ್ನು ಓಡಿಸಲು ಕಚ್ಚುವುದುಂಟು, ಮರಿಗಳನ್ನು ಕಾಪಾಡಲು ಕಚ್ಚುವುದುಂಟು. ಈ ಮೂರನೆಯದರಲ್ಲಿಯೇ ನನ್ನ ತಕರಾರು ಇರುವುದು.

ಮರಲಿನ ಸಂಸಾರವನ್ನು ನೋಡಿ. ಮೀನುಗಳಲ್ಲಿ ಬಹುಪಾಲು ಮೊಟ್ಟೆಯನ್ನು ನೀರಿಗೆ ಬಿಟ್ಟು ಮರೆಯುವಂಥವು. ಮರಲು ಹಾಗಲ್ಲ. ಕಳೆಯ ನಡುವೆ ನೀರನ್ನು ಬಿಡಿಸಿಕೊಂಡು ಗೂಡು ಮಾಡುತ್ತದೆ. ಹೊನ್ನಿನ ಬಣ್ಣದ ಮೊಟ್ಟೆಗಳು ಅಲ್ಲಿ ತೇಲುತ್ತವೆ. ಕೆಲವು ದಿನಗಳೊಳಗೆ ಹೊರಬಂದ ಮರಿಗಳು ಗುಂಪಾಗಿ ಸಂಚರಿಸುವಾಗ ತಂದೆತಾಯಿಗಳು, ಅನೇಕ ವೇಳೆ ತಂದೆಯೊಂದೇ, ಕೆಳಗಿನಿಂದ ಕಾವಲು ಕಾಯುತ್ತ ವಾರಗಟ್ಟಲೆ ಹಿಂಬಾಲಿಸುವುವು. ಈ ಕುಲದ ಮೀನುಗಳಿಗೆ ಕಿವಿರಿನ ಉಸಿರಾಟವೊಂದೇ ಸಾಲದು. ತಲೆಯೊಳಗಿನ ಪ್ರತ್ಯೇಕ ಗೂಡುಗಳಲ್ಲಿ ಗಾಳಿಯನ್ನು ತುಂಬಿಕೊಳ್ಳಲು ಅವು ಮೇಲ್ಮೈಗೆ ಬರಲೇಬೇಕು. ಬಿಡದೆ ತಡೆದರೆ ನೀರಿನಲ್ಲಿಯೇ ಉಸಿರುಕಟ್ಟಿ ಸಾಯುವುವು. ಮರಿಗಳು ಮೋಡದಂತೆ ಮೇಲಕ್ಕೆ ಎದ್ದು ತಮ್ಮ ಇರವನ್ನು ಸಾರುವುದು ಈ ಕಾರಣದಿಂದಲೇ. ಬೆಳ್ಳಕ್ಕಿಗೂ ಮಿಂಚುಳ್ಳಿಗೂ ಕಪ್ಪೆಗೂ ಅದು ಆಹ್ವಾನ, ಗಾಳದವನಿಗೂ ಆಹ್ವಾನ. ಮೇಲೆ ಕಪ್ಪೆಯೊಂದು ಈಜಿ ಬಂದರೆ ತಂದೆ ಮರಲಿಗೆ ಅದು ಊಟವಲ್ಲ, ಕಳ್ಳ. ಅದು ಕಚ್ಚಿ ಉಗುಳಿದ್ದು ಏಕೆಂಬುದು ಈಗ ಸ್ಪಷ್ಟವಾಯಿತಷ್ಟೆ?

ಹಸಿದ ಮೀನನ್ನು ಮೋಸಗೊಳಿಸಲು ವಿದ್ಯೆ ಬೇಕು. ಮರಿ ಕಾಯುವ ಮೀನನ್ನು ಹಿಡಿಯಲು ವಿದ್ಯೆ ಬೇಡ. ಎಷ್ಟು ಒರಟಾಗಿ ಎಸೆದರೂ, ಎಷ್ಟು ಬಾರಿ ಹೆದರಿಸಿದರೂ ಅದು ತಿರುಗಿ ಬರುತ್ತದೆ. ಬಾರದಿರಲು ಅದಕ್ಕೆ ಸಾಧ್ಯವಿಲ್ಲ. ಅಂಥ ಗೆಲುವನ್ನು ಜಾಣ್ಮೆಯೆನ್ನುವುದು ಹೇಗೆ? ಇದು ಆಟದ ನೀತಿಯ ಮಾತಾಯಿತು. ವಿಜ್ಞಾನದ ಮಾತು ಇದಕ್ಕಿಂತ ಗಂಭೀರವಾದುದು.

ಅಮೆರಿಕದ ಬಾಸ್ ಕೂಡ ಮರಿ ಕಾಯುವ ಮೀನು. ಅಲ್ಲಿ ಗೂಡು ಕಾಯುವುದು ಗಂಡು. ಇಲಿನಾಯ್ ಸಂಸ್ಥಾನದ ರಿಡ್ಜ್ ಸರೋವರದಲ್ಲಿ ಗಾಳಕ್ಕೆ ಮತ್ತೆ ಮತ್ತೆ ಸಿಕ್ಕಿದ ಬಾಸುಗಳನ್ನೂ, ಸಿಕ್ಕದೇ ಉಳಿದವನ್ನೂ ಬೇರೆಬೇರೆಯಾಗಿ ಮರಿಮಾಡಿಸಿ ವಿಜ್ಞಾನಿಗಳು ಮೂರು ಪೀಳಿಗೆಗಳವರೆಗೆ ಪರೀಕ್ಷಿಸಿದರು. 2009ರಲ್ಲಿ ಪ್ರಕಟವಾದ ಅವರ ಫಲಿತಾಂಶದಂತೆ, ಗಾಳಕ್ಕೆ ಸುಲಭವಾಗಿ ಬೀಳುವ ಗುಣವು ವಂಶದಲ್ಲಿ ಇಳಿದು ಬರುವಂಥದು. 2012ರಲ್ಲಿ ಇದರ ಮುಂದಿನ ಹೆಜ್ಜೆ ಪ್ರಕಟವಾಯಿತು: ಸುಲಭವಾಗಿ ಗಾಳಕ್ಕೆ ಬೀಳುವ ವಂಶದ ಗಂಡುಗಳೇ ಗೂಡನ್ನು ಹೆಚ್ಚು ಹುರುಪಿನಿಂದ ಕಾಯುವಂಥವು. ಅಂದರೆ ಗಾಳವು ಆರಿಸಿ ತೆಗೆಯುವುದು ಉತ್ತಮ ತಂದೆಗಳನ್ನು. ಹೊಳೆಯಲ್ಲಿ ಬಿಟ್ಟುಹೋಗುವುದು ಉದಾಸೀನರನ್ನು. ರೈತನು ಬಿತ್ತನೆಗೆಂದು ತೆಗೆದಿಡುವುದು ಗಟ್ಟಿ ಕಾಳನ್ನು. ನಾವು ಗಟ್ಟಿಯನ್ನು ಉಂಡು ಜೊಳ್ಳನ್ನು ಬಿತ್ತುತ್ತಿದ್ದೇವೆ. ಬಾಸ್ ಮತ್ತು ಮರಲುಗಳ ಕುಲ ಬೇರೆಯಾದರೂ ಮರಿಗಾಗಿ ಎದುರುಬೀಳುವ ಗುಣ ಒಂದೇ. ಒಂದರ ಪಾಠವನ್ನು ಇನ್ನೊಂದಕ್ಕೆ ಎಚ್ಚರಿಕೆಯೆಂದು ತಿಳಿಯುವುದು ವಿವೇಕ.

"ಹಿಡಿದು ಬಿಟ್ಟುಬಿಟ್ಟರಾಯಿತಲ್ಲ?" ಎನ್ನುವವರಿದ್ದಾರೆ. ಮರಲು ಗಾಳಿಯನ್ನು ಉಸಿರಾಡಬಲ್ಲದಾದುದರಿಂದ ಅದನ್ನು ನೀರಿಗೆ ಮರಳಿಸಿದರೆ ಬದುಕುವ ಸಂಭವ ಹೆಚ್ಚೆಂಬುದು ನಿಜ. ಆದರೆ ಬದುಕಬೇಕಾದದ್ದು ಅದೊಂದೇ ಅಲ್ಲ. ಅದು ದಡದ ಮೇಲೆ ಚಿತ್ರಕ್ಕೆ ಒಡ್ಡಿಕೊಂಡಿರುವ ಕೆಲವು ನಿಮಿಷಗಳಲ್ಲಿ ಮರಿಗಳ ಗತಿ ಏನೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬೇರೆ ಕಾಲದಲ್ಲಿ ಹಿಡಿದು ಬಿಡುವುದು ಒಳ್ಳೆಯ ಪದ್ಧತಿ. ಮರಿಗಳ ಕಾಲದಲ್ಲಿ ಅದು ಸಮಾಧಾನದ ನೆಪ.

ಇನ್ನೊಂದು ಆಕ್ಷೇಪ ಇದಕ್ಕಿಂತ ಬಲವಾದದ್ದು. ಹೊಳೆಗೆ ವಿಷ ಹಾಕುವವರೂ ಸಿಡಿಮದ್ದು ಎಸೆಯುವವರೂ ಇರುವಾಗ ಗಾಳದವನ ಒಂದು ಮೀನಿನ ಲೆಕ್ಕವೇಕೆ ಎಂಬುದು. ಇದಕ್ಕೆ ಉತ್ತರ ನಮ್ಮ ಜಿಲ್ಲೆಯ ಚರಿತ್ರೆಯಲ್ಲಿಯೇ ಇದೆ. ಈ ಸೀಮೆಯೆಲ್ಲ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಾಗಿದ್ದ ಕಾಲದಲ್ಲಿ ಎಚ್. ಎಸ್. ಥಾಮಸ್ ಎಂಬ ಕಲೆಕ್ಟರರು ಇಲ್ಲಿದ್ದರು. 1870ರ ಸುಮಾರಿಗೆ ಅವರು ಜಿಲ್ಲೆಯ ಹೊಳೆಗಳ ಮೀನಿನ ಸ್ಥಿತಿಯನ್ನು ಕುರಿತು ವರದಿ ಬರೆದು, ವಿಷಪ್ರಯೋಗವನ್ನೂ ಮರಿಗಳ ನಾಶವನ್ನೂ ಖಂಡಿಸಿದರು. ಅದೇ ಥಾಮಸ್ 1873ರಲ್ಲಿ ಭಾರತದ ಗಾಳಗಾರಿಕೆಯನ್ನು ಕುರಿತು "ದಿ ರಾಡ್ ಇನ್ ಇಂಡಿಯಾ" ಎಂಬ ಹೆಸರಾಂತ ಗ್ರಂಥವನ್ನೂ ಹೊರತಂದರು. ಸಿಡಿಮದ್ದನ್ನೂ ವಿಷವನ್ನೂ ನಿಷೇಧಿಸಿದ ಭಾರತೀಯ ಮೀನುಗಾರಿಕೆಯ ಕಾಯಿದೆ ಬಂದದ್ದು 1897ರಲ್ಲಿ. ಹೊಳೆಗಾಗಿ ಮೊದಲು ದನಿಯೆತ್ತಿದವರಲ್ಲಿ ಒಬ್ಬರು ಗಾಳ ಹಿಡಿದವರೇ ಎಂಬುದನ್ನು ಮರೆಯಬಾರದು. ಹೊಳೆಯ ದಡದಲ್ಲಿ ಗಂಟೆಗಟ್ಟಲೆ ಕಾಯುವವನಿಗೆ ವಿಷ ಹಾಕುವವನು ಮೊದಲು ಕಾಣುತ್ತಾನೆ. ಆದರೆ ಅವನು ಎದ್ದು ನಿಂತು "ಬೇಡ" ಎನ್ನಬೇಕಾದರೆ ಅವನ ಕೈ ಶುದ್ಧವಾಗಿರಬೇಡವೆ?

ಊಟಕ್ಕಾಗಿ ಮೀನು ಹಿಡಿಯುವ ಬಡವನನ್ನು ನಾನಿಲ್ಲಿ ಆಡಿಕೊಳ್ಳುತ್ತಿಲ್ಲ. ಗದ್ದೆಯ ಕಂಡಿಗೆ ಕೂಳಿ ಒಡ್ಡಿ ಸಾರಿಗಷ್ಟು ಮೀನು ತರುವವನ ಅವಶ್ಯಕತೆ ಬೇರೆ, ದುಬಾರಿ ಕೋಲು ಹಿಡಿದು ವಿನೋದಕ್ಕೆ ಬರುವವನ ಅವಕಾಶ ಬೇರೆ. ಯಾರಿಗೆ ಆಯ್ಕೆ ಇದೆಯೋ ಅವರ ಹೊಣೆಯೂ ಹೆಚ್ಚು. ಇಷ್ಟಕ್ಕೂ ಕಾಲ ನೋಡಿ ಕೈ ತಡೆಯುವುದು ನಮ್ಮ ಕರಾವಳಿಗೆ ಹೊಸದಲ್ಲ. ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರ ವರೆಗೆ 61 ದಿನಗಳ ಕಾಲ ಯಂತ್ರದ ದೋಣಿಗಳು ಗಂಗೊಳ್ಳಿಯ ಬಂದರಿನಲ್ಲಿ ಸುಮ್ಮನೆ ನಿಲ್ಲುತ್ತವೆ. ಅದನ್ನೇ ನಂಬಿ ಬದುಕುವವರು ಎರಡು ತಿಂಗಳು ತಾಳಬಲ್ಲರಾದರೆ, ವಿನೋದಕ್ಕೆ ಬಂದವನು ತಾಳಲಾರನೆ?

ಆದುದರಿಂದ ತೇಲುಗಾಳದ ಪ್ರಿಯರಲ್ಲಿ ನನ್ನ ಕೋರಿಕೆ ಇಷ್ಟು. ಕೆಂಪು ಮರಿಗಳ ಮೋಡ ಕಂಡಲ್ಲಿ ಎಸೆಯಬೇಡಿ. ಹತ್ತು ಮಾರು ದೂರ ಸರಿಯಿರಿ. ಮಳೆಗಾಲದ ಮೊದಲ ತಿಂಗಳುಗಳಲ್ಲಿ ತೋಡು ಗದ್ದೆಗಳನ್ನು ಮೀನುಗಳಿಗೆ ಬಿಟ್ಟುಕೊಡಿ. ನೀರು ತಿಳಿಯಾಗುವ ನವರಾತ್ರಿಯ ಬಳಿಕ ಬನ್ನಿ. ಆಗ ಮರಲು ಹಸಿದಿರುತ್ತದೆ, ನಿಮ್ಮ ವಿದ್ಯೆಗೂ ನಿಜವಾದ ಪರೀಕ್ಷೆಯಾಗುತ್ತದೆ. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಮಾಡಿದರೆ ಬಿಡುವ ಮೀನಿಗೆ ಗಾಯ ಕಡಿಮೆ. ಅಳಿವೆಯಲ್ಲಿ ಕುರುಡಿ ಹಿಡಿಯುವವರು ಅತಿ ದೊಡ್ಡದನ್ನು ನೀರಿಗೆ ಮರಳಿಸುವುದು ಲೇಸು. ಆ ಮೀನು ಗಂಡಾಗಿ ಬೆಳೆದು ವಯಸ್ಸಾದಂತೆ ಹೆಣ್ಣಾಗುವ ಜಾತಿಯಾದುದರಿಂದ, ದೊಡ್ಡದೊಂದನ್ನು ಕೊಲ್ಲುವುದೆಂದರೆ ಬಹುಮಟ್ಟಿಗೆ ಮೊಟ್ಟೆಯ ಉಗ್ರಾಣವನ್ನೇ ಬರಿದು ಮಾಡಿದಂತೆ.

ಅಕ್ಕನ ಮಗ ಅಂದು ಸಂಜೆ ಊಟಕ್ಕೆ ಕುಳಿತಾಗ ಮೀನಿನ ಹೋಳನ್ನು ಎಲೆಯ ಬದಿಗೆ ಸರಿಸಿದ. ನಾನು ಕಾರಣ ಕೇಳಲಿಲ್ಲ. ದೀಪಾವಳಿಗೆ ಬಂದವನು ಮತ್ತೆ ಅದೇ ರಬ್ಬರಿನ ಕಪ್ಪೆಯನ್ನು ತೆಗೆದುಕೊಂಡು ಹೊಳೆಗೆ ಹೋದ. ಮುಸ್ಸಂಜೆಯವರೆಗೆ ಎಸೆದರೂ ಒಂದು ಮೀನೂ ಸಿಗಲಿಲ್ಲ. "ಬಹಳ ಕಷ್ಟ, ಮಾವ" ಎಂದು ನಗುತ್ತ ಬಂದ. ಕಷ್ಟವಾಗಿಯೇ ಇರಬೇಕಾದದ್ದದು.