ಟಿಕೇಟು ಅಗ್ಗ, ಬಸ್ಸು ಎಲ್ಲಿ?

2014ಕ್ಕೆ ಮೊದಲು ಘಾಟ್ಕೋಪರಿನಿಂದ ಅಂಧೇರಿಗೆ ಹೋಗುವುದೆಂದರೆ ಊರಿಗೆ ಹೊರಟಷ್ಟೇ ಸಿದ್ಧತೆ ಬೇಕಿತ್ತು. 340 ನಂಬರಿನ ಬಸ್ಸು ಹತ್ತಿದರೆ ಅಸಲ್ಫಾ, ಸಾಕಿನಾಕಾ ದಾಟುವಷ್ಟರಲ್ಲಿ ಒಂದು ನಿದ್ದೆ ಮುಗಿಯುತ್ತಿತ್ತು (ಸೀಟು ಸಿಕ್ಕಿದ್ದರೆ!). ಆ ವರ್ಷ ಜೂನ್ 8ಕ್ಕೆ ವರ್ಸೋವಾ-ಅಂಧೇರಿ-ಘಾಟ್ಕೋಪರ್ ಮೆಟ್ರೋ ಶುರುವಾಯಿತು. 11.4 ಕಿಲೋಮೀಟರ್, 12 ಸ್ಟೇಷನ್. ಅಂಧೇರಿ ಈಗ ಸುಮಾರು ಕಾಲು ಗಂಟೆಯ ದಾರಿ.

ಟಿಕೇಟು ಬಸ್ಸಿಗಿಂತ ದುಬಾರಿ. ಆದರೂ ಸಂಜೆ ಹೊತ್ತು ಘಾಟ್ಕೋಪರ್ ಸ್ಟೇಷನ್ನಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಎಸಿ ಇದೆ ಅಂತ ಜನ ಹೋಗ್ತಾರೆ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಆ ನೂಕುನುಗ್ಗಲಲ್ಲಿ ಎಸಿ ಯಾರಿಗೆ ತಾಗುತ್ತದೆ ಹೇಳಿ? ಇಷ್ಟು ಗಂಟೆಗೆ ಹೊರಟರೆ ಇಷ್ಟು ಗಂಟೆಗೆ ತಲುಪುತ್ತೇನೆ ಎಂಬ ಧೈರ್ಯಕ್ಕೆ ಜನ ದುಡ್ಡು ಕೊಡುತ್ತಾರೆ, ಅಷ್ಟೇ.

ನಮ್ಮ ಉಡುಪಿ-ಮಂಗಳೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿನ ಪ್ರೈವೇಟ್ ಬಸ್ಸುಗಳಲ್ಲಿ ಎರಡು ನಿಮಿಷದ ಟೈಮಿಂಗಿಗೆ ಕಂಡಕ್ಟರುಗಳು ಜಗಳಕ್ಕೆ ನಿಲ್ಲುತ್ತಾರೆ, ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್ ಗಡಿಯಾರ ನೋಡುತ್ತಾ ನಿಂತಿರುತ್ತಾನೆ. ಅವರ ವೇಗ, ಹಾರ್ನು ಎರಡೂ ನನಗೆ ಹಿಡಿಸುವುದಿಲ್ಲ, ಅದು ಬೇರೆ ಮಾತು. ಆದರೆ ಬಸ್ಸು ಬರುತ್ತದೋ ಇಲ್ಲವೋ ಎಂಬ ಚಿಂತೆ ಇಲ್ಲ.

ಈಗ ನಮ್ಮ ಬೆಸ್ಟ್ ನೋಡಿ. 2019ರ ಜುಲೈಯಲ್ಲಿ ಕನಿಷ್ಠ ದರವನ್ನು 8 ರೂಪಾಯಿಯಿಂದ 5ಕ್ಕೆ ಇಳಿಸಿದರು. ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಒಂದು ಕಾಲಕ್ಕೆ ನಾಲ್ಕು ಸಾವಿರಕ್ಕೂ ಹೆಚ್ಚು ಬಸ್ಸುಗಳಿದ್ದ ಸಂಸ್ಥೆ ಅದು. ಹಳೆಯ ಬಸ್ಸುಗಳು ಗುಜರಿಗೆ ಹೋದವು, ಅಷ್ಟೇ ಸಂಖ್ಯೆಯಲ್ಲಿ ಹೊಸವು ಬರಲಿಲ್ಲ. ಈಗ ಸ್ವಂತ ಬಸ್ಸುಗಳು ಕೆಲವೇ ನೂರು, ಉಳಿದವು ಗುತ್ತಿಗೆದಾರರವು. 2024ರ ಡಿಸೆಂಬರ್ 9ರ ರಾತ್ರಿ, ಘಾಟ್ಕೋಪರಿನ ಪಕ್ಕದ ಕುರ್ಲಾದಲ್ಲಿ ಜನರ ಮೇಲೆ ನುಗ್ಗಿದ ಬಸ್ಸೂ ಗುತ್ತಿಗೆಯದೇ. ಆ ಡ್ರೈವರಿಗೆ ಎಲೆಕ್ಟ್ರಿಕ್ ಬಸ್ಸು ಓಡಿಸುವ ತರಬೇತಿ ಸಾಕಷ್ಟು ಸಿಕ್ಕಿತ್ತೇ ಎಂಬ ಪ್ರಶ್ನೆ ಸಾವುಗಳಾದ ಮೇಲೆ ಎದ್ದಿತು.

ಐದು ರೂಪಾಯಿಯ ಬಸ್ಸು ಬರದಿದ್ದರೆ ಏನಾಗುತ್ತದೆ? ಘಾಟ್ಕೋಪರ್ ಸ್ಟೇಷನ್ನಿನ ಹೊರಗೆ ಶೇರ್ ರಿಕ್ಷಾದ ಸಾಲು ಬೆಳೆಯುತ್ತದೆ. ನಾಲ್ಕು ಮನೆಯ ಪಾತ್ರೆ ತೊಳೆಯಲು ಹೊರಟ ಹೆಂಗಸು ಒಂದು ಮನೆಗೆ ತಡವಾದರೆ ನಾಲ್ಕಕ್ಕೂ ತಡ. ಅವಳು ಬಸ್ಸಿನ ಮೂರು-ನಾಲ್ಕು ಪಟ್ಟು ದುಡ್ಡು ಕೊಟ್ಟು ರಿಕ್ಷಾದಲ್ಲಿ ಒತ್ತಿಕೊಂಡು ಕೂರುತ್ತಾಳೆ. ಕಾಗದದ ಮೇಲೆ ಅವಳಿಗೆ ಐದು ರೂಪಾಯಿಯ ಸೇವೆ ಸಿಕ್ಕಿದೆ, ಕೈಯಿಂದ ಹೋದದ್ದು ಹದಿನೈದೋ ಇಪ್ಪತ್ತೋ. ಮೆಟ್ರೋ ಅವಳ ದಾರಿಯಲ್ಲಿಲ್ಲ, ಇದ್ದರೂ ದಿನಾ ಹತ್ತುವಷ್ಟು ಸಂಬಳವಿಲ್ಲ.

2025ರ ಮೇಯಲ್ಲಿ ಕನಿಷ್ಠ ದರ 10 ರೂಪಾಯಿ ಆಯಿತು, ಎಸಿಗೆ 12. ಒಂದೇ ಏಟಿಗೆ ದುಪ್ಪಟ್ಟು! ಪೇಪರುಗಳಲ್ಲಿ ಗಲಾಟೆಯೂ ಆಯಿತು. ನಾನು ದರ ಏರಿಕೆಯ ವಿರೋಧಿಯಲ್ಲ. ಡೀಸೆಲ್, ಸಂಬಳ ಎಲ್ಲ ಏರಿರುವಾಗ ಐದು ರೂಪಾಯಿಗೆ ಎಷ್ಟು ದಿನ ಓಡಿಸಿಯಾರು? ನನ್ನ ತಕರಾರು ಇಷ್ಟೇ: ದರದ ಪಟ್ಟಿ ಪ್ರಕಟಿಸಿದ ಹಾಗೆ ಇನ್ನೊಂದು ಪಟ್ಟಿಯನ್ನೂ ಪ್ರಕಟಿಸಲಿ. ಅಸಲ್ಫಾ ಸ್ಟಾಪಿನಲ್ಲಿ ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಎಷ್ಟು ನಿಮಿಷಕ್ಕೊಂದು ಬಸ್ಸು? ಹೋದ ತಿಂಗಳು ನಿಜಕ್ಕೂ ಎಷ್ಟು ಬಂದವು? ಎರಡು ಸಾಲು ಮರಾಠಿಯಲ್ಲಿ ಬರೆದು ಕಂಬಕ್ಕೆ ತೂಗುಹಾಕಿದರೆ ಸಾಕು, ಅಕ್ಷರ ಕೂಡಿಸಿ ಓದಿಕೊಳ್ಳುತ್ತೇವೆ.