ಖಂಡಸ್ಫುಟಿತ ಜೀರ್ಣೋದ್ಧಾರ: ಪ್ರವಾಸೋದ್ಯಮಕ್ಕೊಂದು ಶಾಸನಪಾಠ

ಕರ್ನಾಟಕದ ಜೈನ ದಾನಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಪದಪುಂಜವು ಚಿರಪರಿಚಿತ. ಬಸದಿಗೆ ಭೂಮಿಯನ್ನು ಬಿಡುವಾಗ ದಾನಿಯು ದೇವರ ಅಷ್ಟವಿಧಾರ್ಚನೆ, ಋಷಿಯರ ಆಹಾರದಾನಗಳೊಂದಿಗೆ, ಒಡೆದುದನ್ನೂ ಬಿರುಕುಬಿಟ್ಟುದನ್ನೂ ಸರಿಪಡಿಸುವ ವೆಚ್ಚಕ್ಕೂ ಅದೇ ಭೂಮಿಯ ಉತ್ಪತ್ತಿಯನ್ನು ಮೀಸಲಿಡುತ್ತಿದ್ದುದುಂಟು. ಕಟ್ಟುವುದು ಒಮ್ಮೆಯ ಕಾರ್ಯ, ಕಾಪಾಡುವುದು ನಿತ್ಯದ ಕಾರ್ಯ ಎಂಬ ವಿವೇಕ ಇದರಲ್ಲಿದೆ. ಗ್ರಾಮೀಣ ಪ್ರವಾಸಿತಾಣಗಳನ್ನು ಕುರಿತ ನಮ್ಮ ಇಂದಿನ ಆಲೋಚನೆಯಲ್ಲಿ ಕಾಣೆಯಾಗಿರುವುದು ಈ ವಿವೇಕವೇ.

ಉಡುಪಿ ಜಿಲ್ಲೆಯ ಹೆಬ್ರಿ ತಾಲೂಕಿನ ವರಂಗವನ್ನು ಗಮನಿಸಬಹುದು. ಪಶ್ಚಿಮಘಟ್ಟದ ತಪ್ಪಲಿನ ಈ ಗ್ರಾಮವನ್ನು ವಿಜಯನಗರದ ದೇವರಾಯನು 1424ರಲ್ಲಿ ಇಲ್ಲಿಯ ನೇಮಿನಾಥ ಬಸದಿಗೆ ದತ್ತಿಯಾಗಿ ಬಿಟ್ಟನು. ಸಮೀಪದ ಕೆರೆಯ ನಡುವೆ ಚತುರ್ಮುಖ ವಿನ್ಯಾಸದ ಕೆರೆಬಸದಿಯಿದ್ದು, ಅಲ್ಲಿಗೆ ದೋಣಿಯಲ್ಲಿಯೇ ಹೋಗಬೇಕು. ನಾಲ್ಕು ದಿಕ್ಕಿಗೂ ಜಿನಬಿಂಬ, ಸುತ್ತಲೂ ನೀರು, ಹಿನ್ನೆಲೆಯಲ್ಲಿ ಘಟ್ಟದ ಹಸಿರು. ಹೆಬ್ರಿಗೆ ಸಮೀಪದ ಸೋಮೇಶ್ವರ ವನ್ಯಜೀವಿಧಾಮವು 2012ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ 39 ತಾಣಗಳಲ್ಲೊಂದು. ಇಂಥಲ್ಲಿ ಇತಿಹಾಸ ಬೇರೆ, ನಿಸರ್ಗ ಬೇರೆ ಎಂದು ಗೆರೆ ಎಳೆಯಲಾಗದು. ಕೆರೆಯಲ್ಲಿ ಹೂಳು ತುಂಬಿದರೆ, ನೀರು ಹರಿದುಬರುವ ತೋಡು ಮುಚ್ಚಿಹೋದರೆ, ಕಲ್ಲು ಅಲುಗದೆ ನಿಂತಿದ್ದರೂ ಕೆರೆಬಸದಿಯು ಉಳಿದಂತಾಗುವುದಿಲ್ಲ.

ಆದರೆ ಅಭಿವೃದ್ಧಿಯೆಂದೊಡನೆ ನಮಗೆ ತೋಚುವುದು ಅಗಲವಾದ ರಸ್ತೆ, ವಾಹನ ನಿಲುಗಡೆ, ವಿದ್ಯುದ್ದೀಪದ ಅಲಂಕಾರ. ಅರ್ಧ ಗಂಟೆ ನಿಂತು ಛಾಯಾಚಿತ್ರ ತೆಗೆದುಕೊಂಡು ಹೊರಡುವ ಪ್ರವಾಸಿಯ ಹಣವು ನಗರದ ವಸತಿಗೃಹಕ್ಕೆ ಸಲ್ಲುತ್ತದೆ. ಅವನು ಬಿಸುಟ ಪ್ಲಾಸ್ಟಿಕ್ ಹಳ್ಳಿಯ ಪಾಲಿಗೆ ಉಳಿಯುತ್ತದೆ.

ಶ್ರಾವಕಾಚಾರದ ಭೋಗೋಪಭೋಗಪರಿಮಾಣ ವ್ರತವು ಈ ಸಂದರ್ಭದಲ್ಲಿ ನೆನಪಾಗುತ್ತದೆ. ಸಮಂತಭದ್ರರ ರತ್ನಕರಂಡಕದ ಪ್ರಕಾರ ಆಹಾರದಂತೆ ಒಮ್ಮೆ ಅನುಭವಿಸಿ ಬಿಡುವಂಥದು ಭೋಗ. ವಸ್ತ್ರದಂತೆ ಮತ್ತೆ ಮತ್ತೆ ಬಳಸುವಂಥದು ಉಪಭೋಗ. ಕೆರೆ, ಕಾಡು, ಬಸದಿಗಳು ತಲೆಮಾರುಗಳ ಉಪಭೋಗಕ್ಕಿರುವಂಥವು. ಅವನ್ನು ಒಂದು ದಿನದ ಭೋಗವಾಗಿಸುವುದೇ ಇಂದಿನ ಪ್ರವಾಸೋದ್ಯಮದ ದೋಷ. ಎರಡಕ್ಕೂ ಪರಿಮಾಣ ಬೇಕು. ತಾಣದ ಧಾರಣಶಕ್ತಿಯೆಂದು ಇಂದಿನ ತಜ್ಞರು ಹೇಳುವುದು ಇದಕ್ಕಿಂತ ಬಹುದೂರದ್ದಲ್ಲ.

ಹಳ್ಳಿಗೆ ಆದಾಯ ಬೇಡವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಪರಂಪರೆಯ ಹೆಸರಿನಲ್ಲಿ ಅಲ್ಲಿಯ ಯುವಕರು ಬಡವರಾಗಿಯೇ ಇರಬೇಕೆಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಆದ್ದರಿಂದಲೇ ಪ್ರವಾಸಿಯಿಂದ ಬರುವ ಹಣವು ಊರಿನಲ್ಲಿ ಉಳಿಯುವ ದಾರಿಗಳು ಬೇಕು: ಹೊಸ ರೆಸಾರ್ಟುಗಳ ಬದಲು ಇರುವ ಮನೆಗಳಲ್ಲೇ ಹೋಮ್‌ಸ್ಟೇ, ಶಾಸನ-ಶಿಲ್ಪಗಳನ್ನು ವಿವರಿಸಬಲ್ಲ ಸ್ಥಳೀಯ ಮಾರ್ಗದರ್ಶಕರು, ದಿನಕ್ಕಿಷ್ಟೇ ದೋಣಿಯಾನವೆಂಬ ಮಿತಿ. ನಿಲುಗಡೆ ಹಾಗೂ ಇತರ ಶುಲ್ಕಗಳ ನಿಶ್ಚಿತ ಭಾಗವು ಕೆರೆಯ ಹೂಳೆತ್ತುವುದಕ್ಕೂ ಬಸದಿಯ ದುರಸ್ತಿಗೂ ಪ್ರತಿವರ್ಷ ಮೀಸಲಾಗಿ, ಅದರ ಲೆಕ್ಕ ಗ್ರಾಮಸಭೆಯ ಮುಂದೆ ಬರಬೇಕು. ಇದು ಹೊಸ ರೂಪದ ಖಂಡಸ್ಫುಟಿತ ನಿಧಿ.

ಸಾಹಿತ್ಯದ ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವಿದೆ. ದಾನಶಾಸನಗಳು ಭೂಮಿಯ ಎಲ್ಲೆಯನ್ನು ಹೇಳುವಾಗ ಹಳ್ಳ, ಕೆರೆ, ಮರ, ಬಂಡೆಗಳನ್ನು ಹೆಸರಿಸುತ್ತವೆ. ಅರಸರ ವಂಶಾವಳಿಗಾಗಿ ಓದಿದ ಆ ಶಾಸನಗಳನ್ನು ನೆಲ-ಜಲದ ದಾಖಲೆಗಳಾಗಿ ಮತ್ತೊಮ್ಮೆ ಓದಿ, ಆ ಎಲ್ಲೆಗಳಲ್ಲಿ ಇಂದು ಉಳಿದಿರುವುದೆಷ್ಟೆಂದು ಸ್ಥಳದಲ್ಲೇ ಪರಿಶೀಲಿಸಬೇಕು. ಯೋಜನೆಯ ನಕ್ಷೆ ಸಿದ್ಧವಾಗುವ ಮೊದಲೇ ಆ ಪಟ್ಟಿಯು ಗ್ರಾಮ ಪಂಚಾಯಿತಿಯ ಮೇಜಿನ ಮೇಲಿರಬೇಕು.