ಸೋರುವ ಮಾಳಿಗೆ, ಸೋರುವ ಮೋಟಾರು

ಸೋರುವಿಕೆಯ ವಿಷಯದಲ್ಲಿ ನಮ್ಮ ಸೀಮೆಯವರು ಯಾರಿಂದಲೂ ಪಾಠ ಹೇಳಿಸಿಕೊಳ್ಳಬೇಕಾದವರಲ್ಲ. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಹಳ್ಳಿಗಳಲ್ಲಿ ಮಣ್ಣಿನ ಮಾಳಿಗೆಯ ಕೆಳಗೆ ಬೆಳೆದವರಿಗೆಲ್ಲ ಒಂದು ಸಂಗತಿ ಗೊತ್ತು: ನೀರು ತೊಟ್ಟಿಕ್ಕುವ ಸ್ಥಳ ಬೇರೆ, ನೀರು ಒಳಹೊಗುವ ಸ್ಥಳ ಬೇರೆ. ಅಡಿಗೆಮನೆಯಲ್ಲಿ ಬೋಗುಣಿ ಇಟ್ಟರೂ ಬಿರುಕು ಪಡಸಾಲೆಯ ಮೇಲಿರಬಹುದು. ನೀರು ತೊಲೆಯ ಬೆನ್ನು ಹಿಡಿದು ನಾಲ್ಕು ಮೊಳ ನಡೆದು ತನಗೆ ಬೇಕಾದಲ್ಲಿ ಇಳಿಯುತ್ತದೆ. ಆದುದರಿಂದಲೇ ಹಿರಿಯರು ಮುಂಗಾರಿಗೆ ಮೊದಲು ಮಾಳಿಗೆ ಹತ್ತಿ, ಹುಲ್ಲು ಕಿತ್ತು, ದೋಣಿಯ ಬಾಯಿ ಬಿಡಿಸಿ, ಅನಂತರವೇ ಮೇಲ್ಮುದ್ದೆಗೆ ಹೊಸ ಮಣ್ಣು ಹಾಕುತ್ತಿದ್ದರು.

ಇಷ್ಟು ಬಲ್ಲ ನಾವು ಕಾರು ಕೊಂಡ ದಿನವೇ ಈ ತಿಳಿವಳಿಕೆಯನ್ನು ಮಾಳಿಗೆಯ ಮೇಲೆಯೇ ಬಿಟ್ಟುಬರುವುದೇಕೆ? ಮಳೆ ಬಂದ ಮರುದಿನ ಕಾಲಡಿಯ ಹಾಸು ತೊಯ್ದಿರುತ್ತದೆ. ತೊಯ್ದ ಜಾಗಕ್ಕೆ ಹತ್ತಿರವಿರುವ ಸಂದಿಗೆ ಸಿಲಿಕೋನ್ ಅಂಟು ಮೆತ್ತಿಸಿ ನಿಶ್ಚಿಂತರಾಗುತ್ತೇವೆ. ಮುಂದಿನ ಮಳೆಗೆ ಮತ್ತೆ ನೀರು, ಮತ್ತೆ ಅಂಟು. ಈ ಮೆತ್ತುವ ಕೆಲಸಕ್ಕೆ ದುರಸ್ತಿ ಎಂಬ ಹೆಸರು ಸಲ್ಲದೆಂದು ನಾನು ಸ್ಪಷ್ಟವಾಗಿ ಹೇಳಬಯಸುತ್ತೇನೆ. ಹುಳಿವಾಸನೆಯ ಸಿಲಿಕೋನ್ ಬರಿಯ ಲೋಹವನ್ನು ತಿನ್ನುತ್ತದೆ. ಅದರ ಪೊರೆ ಉಳಿದಲ್ಲಿ, ಮುಂದೆ ಗಾಜನ್ನು ತೆಗೆದು ಸರಿಯಾಗಿ ಕೂರಿಸಲು ಬೇಕಾದ ಯುರೆಥೇನ್ ಅಂಟು ಹಿಡಿಯುವುದೇ ಇಲ್ಲ.

ಕಾರಿನ ಬಾಗಿಲೊಳಕ್ಕೆ ನೀರು ಹೋಗುವುದೇ ದೋಷವೆಂದು ಅನೇಕರ ಭಾವನೆ. ಅದು ಸರಿಯಲ್ಲ. ಗಾಜಿನ ಮೇಲೆ ಇಳಿದ ನೀರು ಬಾಗಿಲಿನ ಹೊಟ್ಟೆಯೊಳಗೆ ಇಳಿಯಲೆಂದೇ, ಇಳಿದದ್ದು ತಳದ ಸಣ್ಣ ರಂಧ್ರಗಳಿಂದ ಹೊರಗೆ ಹೋಗಲೆಂದೇ ಅದನ್ನು ರಚಿಸಿರುತ್ತಾರೆ. ಒಳಗಿನ ಹಲಗೆಯ ಹಿಂದೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯೊಂದು ಆ ನೀರನ್ನು ನಮ್ಮಿಂದ ಬೇರ್ಪಡಿಸಿರುತ್ತದೆ. ತಳದ ರಂಧ್ರ ಮುಚ್ಚಿದರೆ ಅಥವಾ ಸ್ಪೀಕರು ಕೂರಿಸುವವನು ಹಾಳೆಯನ್ನು ಹರಿದಿದ್ದರೆ ನೀರು ನಮ್ಮ ಪಾದಕ್ಕೆ ಬರುತ್ತದೆ. ಮುಂಗಾಜಿನ ಬುಡದಲ್ಲಿ, ವೈಪರಿನ ಕೆಳಗಿರುವ ತೊಟ್ಟಿಯೂ ಹೀಗೆಯೇ. ಅಲ್ಲಿ ಬೇವಿನ ಎಲೆ, ಹೂವು, ಎರೆಮಣ್ಣಿನ ಧೂಳು ಸೇರಿ ನೀರಿನ ದಾರಿ ಕಟ್ಟಿದರೆ, ಗಾಳಿ ಬರಬೇಕಾದ ಕಿಂಡಿಯಿಂದ ನೀರು ಬರುತ್ತದೆ. ಮೇಲ್ಛಾವಣಿಗೆ ಗಾಜಿನ ಕಿಟಕಿ ಇರುವ ಕಾರುಗಳಲ್ಲಿ ಮೂಲೆಗಳಿಂದ ಇಳಿಯುವ ಕೊಳವೆಗಳ ಗತಿಯೂ ಅದೇ. ಹಿಂದಿನ ದೀಪದ ರಬ್ಬರು ಸಡಿಲವಾದರೆ ಸ್ಟೆಪ್ನಿಯ ಗುಂಡಿಯೇ ಬಾವಿ.

ನಮ್ಮ ಹವೆಯೂ ಇದಕ್ಕೆ ಹೊಣೆ. 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಬಾಗಿಲಿನ ರಬ್ಬರು ಒಣಗಿ ಬಿರಿಯುತ್ತದೆ. ಬಿರಿದದ್ದು ಗೊತ್ತಾಗುವುದು ಮಳೆಗಾಲದಲ್ಲಿ.

ಹಾಗಾದರೆ ಹುಡುಕುವ ಬಗೆ? ಮೊದಲು ಹಾಸು ಎತ್ತಿ ಕಾರನ್ನು ಪೂರ್ತಿ ಒಣಗಿಸಬೇಕು. ಒಬ್ಬರು ಒಳಗೆ ಬ್ಯಾಟರಿ ಹಿಡಿದು ಕೂಡಲಿ. ಇನ್ನೊಬ್ಬರು ಹೊರಗಿನಿಂದ ಮೆಲ್ಲನೆ ಹರಿಯುವ ಕೊಳವೆನೀರನ್ನು ಕೆಳಗಿನಿಂದ ಮೇಲಕ್ಕೆ, ಒಂದೊಂದು ಜಾಗದಲ್ಲಿ ಕೆಲವು ನಿಮಿಷ ನಿಲ್ಲಿಸಿ ಬಿಡಲಿ. ಮೇಲಿನಿಂದ ಆರಂಭಿಸಿದರೆ ಎಲ್ಲವೂ ಒಮ್ಮೆಗೇ ತೊಯ್ದು ಏನೂ ತಿಳಿಯದು. ಒಳಗೆ ಮುಖಕ್ಕೆ ಹಚ್ಚುವ ಪೌಡರನ್ನು ಉದುರಿಸಿಟ್ಟರೆ ನೀರು ತಾನು ನಡೆದ ಹಾದಿಯನ್ನು ತಾನೇ ಬರೆದು ತೋರಿಸುತ್ತದೆ. ಬಾಗಿಲಿನ ಸಂದಿಯಲ್ಲಿ ಕಾಗದದ ಪಟ್ಟಿಯನ್ನಿಟ್ಟು ಬಾಗಿಲು ಮುಚ್ಚಿ ಎಳೆದು ನೋಡಬೇಕು. ಸಲೀಸಾಗಿ ಬಂದರೆ ಅಲ್ಲಿ ರಬ್ಬರು ಕಚ್ಚುತ್ತಿಲ್ಲ. ವಿಜ್ಞಾನದ ಅಧ್ಯಾಪಕರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಒಂದು ಶನಿವಾರ ಇದನ್ನು ಮಾಡಿದರೆ, ಒಂದು ಸಲಕ್ಕೆ ಒಂದನ್ನೇ ಬದಲಿಸಿ ಪರೀಕ್ಷಿಸುವುದೆಂದರೇನೆಂದು ಮಕ್ಕಳಿಗೆ ಪುಸ್ತಕವಿಲ್ಲದೆ ತಿಳಿದೀತು. ಮಳೆಯಿಲ್ಲದ ದಿನವೂ ಮುಂದಿನ ಆಸನದ ಕಾಲಬಳಿ ತಿಳಿನೀರು ಕಂಡರೆ ಅದು ಮಳೆಯದಲ್ಲ. ತಂಪುಯಂತ್ರದ ನೀರಿನ ಕೊಳವೆ ಕಟ್ಟಿಕೊಂಡಿದೆ.

ಚಿಕಿತ್ಸೆ ಬಹುಮಟ್ಟಿಗೆ ಅಗ್ಗ. ರಂಧ್ರ ಬಿಡಿಸಲು ಮೆತ್ತನೆಯ ತಂತಿ ಸಾಕು. ಹರಿದ ಹಾಳೆಯನ್ನು ಬದಲಿಸಿ ಬ್ಯುಟೈಲ್ ಪಟ್ಟಿಯಿಂದ ಅಂಟಿಸಬೇಕು. ಬಿರಿದ ರಬ್ಬರನ್ನು ಹೊಸದಾಗಿ ಹಾಕಿಸಬೇಕು. ಮುಂಗಾಜೊಂದನ್ನು ಮಾತ್ರ ಬಲ್ಲವರ ಕೈಗೆ ಕೊಡುವುದು ಮೇಲು.

ಇಷ್ಟೆಲ್ಲ ಏಕೆ, ತುಸು ನೀರಿನಿಂದ ಮುಳುಗಿಹೋಗುವುದೇನು ಎನ್ನುವವರಿದ್ದಾರೆ. ಹಾಸಿನ ಅಡಿಯ ದಪ್ಪ ಫೆಲ್ಟು, ಮೇಲೆ ಒಣಗಿದಂತೆ ಕಂಡರೂ, ವಾರಗಟ್ಟಲೆ ನೀರು ಹಿಡಿದಿರುತ್ತದೆ. ಅದರ ಕೆಳಗೆ ತಗಡು ತುಕ್ಕು ಹಿಡಿಯುತ್ತದೆ, ತಂತಿಯ ಜೋಡಣೆಗಳು ಹಸಿರುಗಟ್ಟುತ್ತವೆ. ಒಂದು ದಿನ ನಡುದಾರಿಯಲ್ಲಿ ಗಾಡಿ ನಿಲ್ಲುತ್ತದೆ. 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಅಫಜಲಪುರ, ಜೇವರ್ಗಿಗಳ ದಂಡೆಯೂರುಗಳಿಗೆ ನುಗ್ಗಿದಂಥ ಪ್ರವಾಹದಲ್ಲಿ ಸಿಕ್ಕಿದ ವಾಹನದ ಕಷ್ಟ ಎಲ್ಲರ ಕಣ್ಣಿಗೂ ಬೀಳುತ್ತದೆ. ಹನಿಹನಿಯಾಗಿ ಮುಳುಗುವ ಗಾಡಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಶಿಶುನಾಳ ಶರೀಫರು ಸೋರುವ ಮಾಳಿಗೆಯನ್ನು ತತ್ತ್ವಪದವಾಗಿ ಹಾಡಿದರು. ಮೋಟಾರಿಗೆ ಇನ್ನೂ ಅಂಥ ಭಾಗ್ಯ ಒದಗಿದಂತಿಲ್ಲ.

ಸಂಬಳದವರ ಕಾರು ಎರಡು ದಿನ ಮನೆಮುಂದೆ ನಿಂತರೆ ನಷ್ಟವಿಲ್ಲ. ಸಾಲ ಮಾಡಿ ಕ್ರೂಸರ್ ಕೊಂಡು ಬಾಡಿಗೆಗೆ ಓಡಿಸುವ ತರುಣನಿಗೆ ಆ ಎರಡು ದಿನವೇ ಸಂಸಾರ. ಸೋರಿಕೆಯಿಂದ ಮೊದಲು ಹಾಳಾಗುವುದೂ ಅವನ ಗಾಡಿಯೇ, ಅಂಟು ಮೆತ್ತಿ ಸಾಗಹಾಕಲ್ಪಡುವವನೂ ಅವನೇ. ಹುಣ್ಣಿಮೆಗೆ ದೇವಲ ಗಾಣಗಾಪುರದ ಸವಾರಿಗಳಿರುತ್ತವೆ, ಬಿಡಲಾರ. ಅದು ಮುಗಿದ ಮೇಲೆ, ಮೃಗಶಿರ ಮಳೆ ಹಿಡಿಯುವ ಮೊದಲು, ಬಿಸಿಲು ಚೆನ್ನಾಗಿರುವ ಎರಡು ದಿನವನ್ನು ಅವನು ಗಾಡಿಗೆ ಬಿಟ್ಟುಕೊಡಲಿ. ಹಾಸು ಒಣಗುವುದಕ್ಕೂ ಆ ಬಿಸಿಲೇ ಬೇಕು.